ಕೂಲಿಗೆ ಬರೆಯುವವರ ಕಥೆ: ಫಿಲಡೆಲ್ಫಿಯಾದ ಅಂಗಡಿಯಿಂದ ನಮ್ಮೂರ ಹುರಿಹಿಟ್ಟಿನವರೆಗೆ

ಹೋದ ತಿಂಗಳು ಪಕ್ಕದ ಹಳ್ಳಿಯ ಸ್ತ್ರೀಶಕ್ತಿ ಸಂಘದ ಇಬ್ಬರು ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ರಾಗಿ ಹುರಿಹಿಟ್ಟು, ಚಟ್ನಿಪುಡಿ ಮಾಡಿ ಮಾರುವವರು ಅವರು. ಸಂತೆಯಲ್ಲಿ, ಜಾತ್ರೆಯಲ್ಲಿ ವ್ಯಾಪಾರ ಚೆನ್ನಾಗಿದೆ. ಫೋನಿನಲ್ಲೂ ಆರ್ಡರ್ ತೆಗೆದುಕೊಳ್ಳೋಣ ಎಂದು ಈಗ ಒಂದು ವೆಬ್‌ಸೈಟ್ ಮಾಡಿಸಿದ್ದಾರೆ. ಅದನ್ನು ಮಾಡಿಕೊಟ್ಟ ಹುಡುಗ ಹೇಳಿದನಂತೆ: "ಅಕ್ಕಾ, ಸೈಟ್ ಮಾಡಿದ್ರೆ ಸಾಲದು. ವಾರಕ್ಕೊಂದು ಬರಹ ಹಾಕ್ತಾ ಇರಬೇಕು. ಒಬ್ಬ ಕಂಟೆಂಟ್ ರೈಟರ್‌ನ ಗೊತ್ತು ಮಾಡ್ಕೊಳ್ಳಿ."

ಅವರು ನಮ್ಮನ್ನು ಕೇಳಿದ್ದು ಮೂರು ಪ್ರಶ್ನೆ. "ಅವರು ಏನು ಬರೀತಾರೆ? ಎಷ್ಟು ಕೊಡಬೇಕು? ನಾವು ಹೇಳಿದ್ದನ್ನ ಬರೀತಾರೋ, ಇಲ್ಲಾ ಅವರಿಗೆ ತೋಚಿದ್ದನ್ನ ಬರೀತಾರೋ?"

ಮೊದಲ ಎರಡಕ್ಕೆ ಅಲ್ಲೇ ಉತ್ತರ ಕೊಟ್ಟೆವು. ಮೂರನೆಯದಕ್ಕೆ ತಡವರಿಸಿದೆವು. ನಾವು ಪತ್ರಿಕೋದ್ಯಮ ಓದಿದವರು, ಖರ್ಚಿಗೆ ಆಗಾಗ ಇಂಥ ಬರವಣಿಗೆ ಮಾಡುವವರು. ಆದರೂ ಈ ಪ್ರಶ್ನೆಯನ್ನು ನಮಗೆ ನಾವೇ ಸರಿಯಾಗಿ ಕೇಳಿಕೊಂಡಿರಲಿಲ್ಲ. ಹಾಗಾಗಿ ಈ ಕಸುಬು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ನೋಡಿದೆವು. ಅಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಕಲ್ಲಿನ ಮೇಲಿನ ಹೆಸರು

ಇನ್ನೊಬ್ಬರ ಮಾತನ್ನು ಬರೆದುಕೊಟ್ಟು ಬದುಕುವುದು ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವವರನ್ನು ಎಲ್ಲರೂ ನೋಡಿದ್ದೇವೆ. ನಿಮ್ಮ ಮನೆಯಲ್ಲಿ ಹಳೆಯ ಕ್ರಯಪತ್ರ ಇದ್ದರೆ ತೆಗೆದು ಕೊನೆಯ ಪುಟ ನೋಡಿ. ಕೊಟ್ಟವರ ರುಜು, ಸಾಕ್ಷಿಗಳ ರುಜು ಆದಮೇಲೆ "ಬಿಕ್ಕಲಂ" ಎಂದು ಇರಬಹುದು. ಪತ್ರವನ್ನು ಬರೆದವನ ಹೆಸರು, ರುಜು ಅಲ್ಲಿರುತ್ತದೆ. ಜಮೀನು ಅವನದಲ್ಲ, ದುಡ್ಡೂ ಅವನದಲ್ಲ. ಆದರೂ ಮುಂದೆ ತಕರಾರು ಎದ್ದರೆ ಅವನನ್ನೂ ಕೋರ್ಟಿಗೆ ಕರೆಸಿ ಕೇಳುತ್ತಾರೆ: ಇದನ್ನು ಬರೆದದ್ದು ನೀನೇನಾ, ಯಾರು ಹೇಳಿ ಬರೆಸಿದರು, ಆಗ ಯಾರು ಯಾರು ಇದ್ದರು?

ಇನ್ನೂ ಹಿಂದಕ್ಕೆ ಹೋದರೆ ಶಾಸನಗಳು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೇ ಶತಮಾನದ ಒಂದು ಕಲ್ಲಿನ ಕಂಬ ಇದೆ. ಕದಂಬ ರಾಜ ಶಾಂತಿವರ್ಮನ ಅಪ್ಪಣೆಯಂತೆ ಬರೆದದ್ದು, ಭಾಷೆ ಸಂಸ್ಕೃತ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಅವಮಾನವಾಗಿ ಕತ್ತಿ ಹಿಡಿದದ್ದು, ಹೀಗೆ ಶಾಲೆಯಲ್ಲಿ ನಾವು ಓದಿದ ಕಥೆಗೆ ಈ ಶಾಸನವೇ ಆಧಾರ. ಅದನ್ನು ರಚಿಸಿದ ಕವಿ ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಎಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ.

ಹೊಗಳಿಕೆ ರಾಜನಿಗೆ ಸೇರಿದ್ದು, ಆದರೆ ಬರೆದವನ ಹೆಸರು ಉಳಿದಿದೆ. ಬರೆಸಿದವನು ಯಾರು, ಬರೆದವನು ಯಾರು ಎಂಬುದು ಓದುವವನಿಗೆ ಗೊತ್ತಾಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕಥೆಯಲ್ಲಿ ಮೊದಲು ಮರೆಯಾಗುವುದು ಬರೆದವನ ಈ ಹೆಸರೇ.

ರೈಲ್ವೆ ಗೋದಾಮಿನ ಅಂಗಡಿ

ಸರಕು ಮಾರುವುದಕ್ಕೆಂದೇ ಬರೆಯುವವರನ್ನು ಇಂಗ್ಲಿಷಿನಲ್ಲಿ ಕಾಪಿರೈಟರ್ ಎನ್ನುತ್ತಾರೆ. ಹಕ್ಕುಸ್ವಾಮ್ಯಕ್ಕೆ ಹೇಳುವ ಕಾಪಿರೈಟ್ ಬೇರೆ, ಇದು ಬೇರೆ. ಅಚ್ಚಿಗೆ ಕೊಡುವ ಬರಹಕ್ಕೆ ಕಾಪಿ ಎಂದು ಹೆಸರು, ಅದನ್ನು ಬರೆಯುವವನು ಕಾಪಿರೈಟರ್. ಇದನ್ನೇ ಪೂರ್ಣಾವಧಿ ಕೆಲಸವಾಗಿ ಮಾಡಿದ ಮೊದಲಿಗ ಎಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಜಾನ್ ಎಮೊರಿ ಪವರ್ಸ್ ಎಂಬಾತನನ್ನು.

ಅವನಿಗಿಂತ ಮೊದಲು ಜಾಹೀರಾತನ್ನು ಅಂಗಡಿಯವನೇ ಗೀಚಿ ಕೊಡುತ್ತಿದ್ದ, ಇಲ್ಲವೇ ಪ್ರೆಸ್ಸಿನವನು ಹೊಂದಿಸಿಕೊಳ್ಳುತ್ತಿದ್ದ. ಏಜೆಂಟರು ಇದ್ದರು, ಆದರೆ ಅವರು ಮಾರುತ್ತಿದ್ದದ್ದು ಪತ್ರಿಕೆಯಲ್ಲಿನ ಜಾಗವನ್ನು. ಆ ಜಾಗದಲ್ಲಿ ಏನು ಹಾಕಬೇಕು ಎಂಬುದು ಅವರ ತಲೆನೋವಲ್ಲ.

ಫಿಲಡೆಲ್ಫಿಯಾ ಊರಿನಲ್ಲಿ ಜಾನ್ ವಾನಮೇಕರ್ ಎಂಬ ವ್ಯಾಪಾರಿ ಇದ್ದ. ರೈಲ್ವೆಯವರು ಬಿಟ್ಟುಹೋದ ಹಳೆಯ ಗೂಡ್ಸ್ ಶೆಡ್ಡನ್ನು ಕೊಂಡು 1876ರಲ್ಲಿ ದೊಡ್ಡ ಅಂಗಡಿ ಮಾಡಿದ. ಅಲ್ಲಿ ಎಲ್ಲರಿಗೂ ಒಂದೇ ಬೆಲೆ, ಚೌಕಾಸಿ ಇಲ್ಲ. ಕೊಂಡದ್ದು ಹಿಡಿಸದಿದ್ದರೆ ತಂದುಕೊಟ್ಟು ದುಡ್ಡು ವಾಪಸ್ ಪಡೆಯಬಹುದು. ಈತ 1880ರಲ್ಲಿ ಪವರ್ಸ್‌ನನ್ನು ಸಂಬಳಕ್ಕೆ ಕರೆದುಕೊಂಡ. ಪವರ್ಸ್‌ಗೆ ಆಗ ಸುಮಾರು 43 ವರ್ಷ. ಅದಕ್ಕೆ ಮುಂಚೆ ಇನ್ಶೂರೆನ್ಸ್ ಮಾಡಿಸಿದ್ದ, ಇಂಗ್ಲೆಂಡಿಗೆ ಹೋಗಿ ಹೊಲಿಗೆ ಯಂತ್ರ ಮಾರಿದ್ದ. ಅಂದರೆ ಬರವಣಿಗೆಗೆ ಕೂರುವ ಮೊದಲೇ ಗಿರಾಕಿಯ ಮುಖ ನೋಡಿ ಮಾತಾಡಿ ಅಭ್ಯಾಸವಾಗಿತ್ತು.

ಅವನು ಅಂಗಡಿಯ ಒಂದೊಂದೇ ವಿಭಾಗಕ್ಕೆ ಹೋಗಿ ಸರಕು ನೋಡುತ್ತಿದ್ದ, ಅಲ್ಲಿನವರನ್ನು ಕೇಳುತ್ತಿದ್ದ. ಕೇಳಿದ್ದನ್ನು ಮನೆಯಲ್ಲಿ ಮಾತಾಡುವ ಹಾಗೆ ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯುತ್ತಿದ್ದ. ಕಿರುಚುವ ದಪ್ಪ ಅಕ್ಷರ ಇಲ್ಲ, ಚಿತ್ರ ಇಲ್ಲ, "ಜಗತ್ತಿನಲ್ಲೇ ಶ್ರೇಷ್ಠ" ಎಂಬಂಥ ಮಾತು ಇಲ್ಲ. ಸುದ್ದಿ ಓದಿದ ಹಾಗೆಯೇ ಜನ ಅದನ್ನು ಓದುತ್ತಿದ್ದರು.

ಅವನ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ತೆಳುವಾದ ಮಳೆಕೋಟು ಮಾರುವ ವಿಭಾಗಕ್ಕೆ ಹೋದಾಗ ಅಲ್ಲಿನ ಮೇಲ್ವಿಚಾರಕ ಗುಟ್ಟಾಗಿ ಹೇಳಿದನಂತೆ, "ನಮ್ಮೊಳಗೆ ಇರಲಿ, ಈ ಕೋಟುಗಳು ಹಾಳಾಗಿವೆ. ಆದರೂ ಏನಾದರೂ ಬರೆದು ಖಾಲಿ ಮಾಡಿಸಿ." ಮಾರನೇ ದಿನದ ಪತ್ರಿಕೆಯಲ್ಲಿ ಪವರ್ಸ್ ಇದ್ದದ್ದನ್ನು ಇದ್ದಂತೆ ಬರೆದ: ಕೆಟ್ಟುಹೋದ ಮಳೆಕೋಟುಗಳು ನಮ್ಮಲ್ಲಿವೆ, ಅವನ್ನು ತೊಲಗಿಸಬೇಕಾಗಿದೆ ಎಂದು. ಮೇಲ್ವಿಚಾರಕ ಕೆಂಡಾಮಂಡಲ. ಆದರೆ ಅವತ್ತೇ ಕೋಟುಗಳು ಮಾರಿಹೋದವು. ಕೆಟ್ಟದ್ದು ಎಂದು ತಾವೇ ಒಪ್ಪಿಕೊಂಡವರು ಬೆಲೆಯಲ್ಲಿ ಮೋಸ ಮಾಡುವುದಿಲ್ಲ ಎಂದು ಜನ ನಂಬಿರಬೇಕು.

ಪವರ್ಸ್ ಇದ್ದ ವರ್ಷಗಳಲ್ಲಿ ಅಂಗಡಿಯ ವ್ಯಾಪಾರ 40 ಲಕ್ಷ ಡಾಲರಿನಿಂದ 80 ಲಕ್ಷಕ್ಕೆ ಏರಿತು ಎನ್ನುತ್ತಾರೆ. ಅದೆಲ್ಲ ಬರವಣಿಗೆಯ ಮಹಿಮೆ ಎಂದರೆ ನಾವು ಒಪ್ಪುವುದಿಲ್ಲ. ಒಂದೇ ಬೆಲೆ, ದುಡ್ಡು ವಾಪಸ್ ಎಂಬ ಪದ್ಧತಿ ಅಂಗಡಿಯಲ್ಲಿ ಮೊದಲೇ ಇತ್ತು. ಅಂಗಡಿ ನಿಜವಾಗಿದ್ದರಿಂದ ಬರಹ ನಿಜ ಹೇಳಲು ಆಯಿತು. ಬೇರೆಲ್ಲಾದರೂ ಆಗಿದ್ದರೆ ಪವರ್ಸ್‌ನ ಕೆಲಸ ಮೊದಲ ವಾರವೇ ಹೋಗುತ್ತಿತ್ತು.

ದಿನಕ್ಕೆ 100 ಡಾಲರ್

ವಾನಮೇಕರ್‌ಗೂ ಪವರ್ಸ್‌ಗೂ ಹೊಂದಾಣಿಕೆ ಸುಲಭವಾಗಿರಲಿಲ್ಲ. ಒಮ್ಮೆ ತೆಗೆದುಹಾಕಿ, ಮತ್ತೆ ಕರೆಸಿಕೊಂಡು, 1886ರಲ್ಲಿ ಪೂರ್ತಿ ಬೇರೆಯಾದರು. ಅಲ್ಲಿಂದ ಮುಂದೆ ಪವರ್ಸ್ ಯಾರ ಸಂಬಳಕ್ಕೂ ಇರಲಿಲ್ಲ. ಕರೆದವರಿಗೆ ಬರೆದುಕೊಡುವುದು, ದಿನಕ್ಕೆ ಇಷ್ಟು ಎಂದು ತೆಗೆದುಕೊಳ್ಳುವುದು. ಇವತ್ತು ಫ್ರೀಲಾನ್ಸ್ ಎನ್ನುತ್ತೇವಲ್ಲ, ಅದೇ. 1890ರ ದಶಕದ ಕೊನೆಗೆ ಅವನ ಕೂಲಿ ದಿನಕ್ಕೆ 100 ಡಾಲರ್. ಆಗ ಅಲ್ಲಿ ಮೈಮುರಿದು ದುಡಿಯುವ ಆಳಿಗೆ ದಿನಕ್ಕೆ ಒಂದೆರಡು ಡಾಲರ್ ಸಿಗುತ್ತಿತ್ತು.

ಅಷ್ಟು ದುಡ್ಡು ಯಾಕೆ ಕೊಟ್ಟರು ಎಂಬುದಕ್ಕೆ ಪಿಟ್ಸ್‌ಬರ್ಗ್‌ನ ಕಥೆ ಹೇಳುತ್ತಾರೆ. ಅಲ್ಲಿನ ಒಂದು ಬಟ್ಟೆ ಅಂಗಡಿ ಮುಳುಗುವ ಹಂತದಲ್ಲಿತ್ತು, ಪವರ್ಸ್‌ನನ್ನು ಕರೆಸಿದರು. ಅವನು ಹೇಳಿದ್ದು, ದಾರಿ ಒಂದೇ, ನಿಜ ಹೇಳಿ. ಮಾರನೇ ದಿನ ಪತ್ರಿಕೆಯಲ್ಲಿ ಬಂದ ಪ್ರಕಟಣೆಯ ಸಾರಾಂಶ ಇಷ್ಟು: ನಾವು ದಿವಾಳಿಯಾಗಿದ್ದೇವೆ, ತೀರಿಸಲಾಗದ ಸಾಲವೇ 1,25,000 ಡಾಲರ್ ಇದೆ, ಇದನ್ನು ಓದಿ ಸಾಲಗಾರರು ಮುಗಿಬೀಳುತ್ತಾರೆ, ನಾಳೆ ನೀವು ಬಂದು ಕೊಂಡರೆ ಅವರಿಗೆ ಕೊಡಲು ದುಡ್ಡಾಗುತ್ತದೆ, ಬರದಿದ್ದರೆ ಬಾಗಿಲು ಮುಚ್ಚುತ್ತೇವೆ. ಜನ ಬಂದರು. ಅಂಗಡಿ ಉಳಿಯಿತು.

ಈ ಕಥೆ ಬಾಯಿಂದ ಬಾಯಿಗೆ ಸ್ವಲ್ಪ ಬೆಳೆದಿರಲೂಬಹುದು. ಆದರೆ ಅದರಲ್ಲಿ ಒಂದು ಮಾತು ಗಟ್ಟಿ ಇದೆ. ಇಂಥ ಬರಹಕ್ಕೆ ಒಪ್ಪಿಗೆ ಕೊಡಲು ಬರೆದವನಿಗಿಂತ ಬರೆಸಿದವನಿಗೆ ಹೆಚ್ಚು ಧೈರ್ಯ ಬೇಕು.

ಲೆಕ್ಕ ಬರೆಯುವ ಹುಡುಗ

ಹಾಗೆಂದು ಪವರ್ಸ್ ಮುಟ್ಟಿದ್ದೆಲ್ಲ ಚಿನ್ನ ಆಗಲಿಲ್ಲ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಬಿಸೆಲ್ ಎಂಬ ಕಂಪನಿ ಇತ್ತು. ಜಮಖಾನೆ ಗುಡಿಸುವ ಕೈಯಂತ್ರ ಮಾಡುತ್ತಿತ್ತು. ಅವರು ಪವರ್ಸ್‌ನಿಂದ ಒಂದು ಪುಸ್ತಿಕೆ ಬರೆಸಿದರು. ಅದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕ್ಲಾಡ್ ಹಾಪ್ಕಿನ್ಸ್ ಎಂಬ ಹುಡುಗನ ಕೈಗೆ ಬಂತು. ಓದಿ ನೋಡಿದ. ಭಾಷೆ ಚೆನ್ನಾಗಿತ್ತು. ಆದರೆ ಬರೆದವನಿಗೆ ಈ ಯಂತ್ರದ ಬಗ್ಗೆ ಏನೂ ಗೊತ್ತಿಲ್ಲ, ಅದನ್ನು ಕೊಳ್ಳುವ ಹೆಂಗಸರ ಬಗ್ಗೆಯೂ ಗೊತ್ತಿಲ್ಲ ಎನ್ನಿಸಿತು. "ಇದರಿಂದ ಯಂತ್ರ ಮಾರಾಟವಾಗಲ್ಲ, ನಾನೊಂದು ಬರೀತೀನಿ" ಎಂದ. ದೊಡ್ಡ ಹೆಸರಿನವನ ಪುಸ್ತಿಕೆ ಬದಿಗೆ ಸರಿದು ಹುಡುಗ ಬರೆದದ್ದು ಅಚ್ಚಾಯಿತು.

ಆಮೇಲೆ ಅವನು ಕ್ರಿಸ್‌ಮಸ್‌ಗೆ ಈ ಯಂತ್ರವನ್ನು ಉಡುಗೊರೆಯಾಗಿ ಮಾರಬಹುದು ಎಂದು ಯೋಚಿಸಿ ಅಂಗಡಿಗಳಿಗೆ ಸುಮಾರು 5,000 ಕಾಗದ ಬರೆದ. 1,000 ಆರ್ಡರ್ ಬಂದವು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಹಾಗೆ ಲೆಕ್ಕದ ಪುಸ್ತಕ ಮುಚ್ಚಿ ಬರವಣಿಗೆಗೆ ಬಂದವನು ಮುಂದೆ ಅಮೆರಿಕದಲ್ಲೇ ಅತಿ ಹೆಚ್ಚು ಸಂಬಳದ ಜಾಹೀರಾತು ಬರಹಗಾರರಲ್ಲಿ ಒಬ್ಬನಾದ.

ನಮಗೆ ಈ ಕಥೆ ಪವರ್ಸ್‌ನ ಕಥೆಗಿಂತ ಮುಖ್ಯ ಅನ್ನಿಸಿತು. ಹೊರಗಿನಿಂದ ಬಂದವನು ಎಷ್ಟೇ ಜಾಣನಾದರೂ ಸರಕು ಗೊತ್ತಿಲ್ಲದಿದ್ದರೆ ಬರಹ ಟೊಳ್ಳು. ಗೊತ್ತಿರುವವನು ನಿಮ್ಮ ಮನೆಯಲ್ಲೇ ಇರಬಹುದು, ನೀವು ಅವನನ್ನು ಕೇಳಿರುವುದಿಲ್ಲ.

ಹಾಪ್ಕಿನ್ಸ್ ಈ ಪಾಠವನ್ನು ತಾನೂ ಮರೆಯಲಿಲ್ಲ. ಮುಂದೆ ಮಿಲ್ವಾಕಿ ಊರಿನ ಶ್ಲಿಟ್ಜ್ ಎಂಬ ಬಿಯರ್ ಕಂಪನಿ ಅವನನ್ನು ಕರೆಸಿತು. ಆಗ ಎಲ್ಲ ಕಂಪನಿಗಳೂ "ನಮ್ಮದು ಶುದ್ಧ" ಎಂದು ದಪ್ಪಕ್ಷರದಲ್ಲಿ ಹಾಕುತ್ತಿದ್ದವು. ಓದುವವನಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಹಾಪ್ಕಿನ್ಸ್ ನೇರ ಕಾರ್ಖಾನೆಗೆ ಹೋದ. 4,000 ಅಡಿ ಆಳದಿಂದ ನೀರು ತೆಗೆಯುವುದು, ಸೋಸಿದ ಗಾಳಿಯ ಕೋಣೆಯಲ್ಲಿ ಬಿಯರ್ ತಣಿಸುವುದು, ಒಂದೊಂದು ಬಾಟಲಿಯನ್ನೂ ಯಂತ್ರದಲ್ಲಿ ನಾಲ್ಕು ಸಲ ತೊಳೆಯುವುದು, ಎಲ್ಲ ನೋಡಿದ. "ಇದನ್ನೆಲ್ಲ ಯಾಕೆ ಜನರಿಗೆ ಹೇಳಿಲ್ಲ?" ಎಂದ. "ಎಲ್ಲರೂ ಹೀಗೇ ಮಾಡ್ತಾರೆ, ಅದರಲ್ಲೇನು ವಿಶೇಷ?" ಎಂದರು ಅವರು. ಅವನು ಅದನ್ನೇ ಬರೆದ. ಶುದ್ಧ ಎಂದು ಕೂಗುವ ಬದಲು ಹೇಗೆ ಶುದ್ಧ ಮಾಡುತ್ತಾರೆ ಎಂದು ಹೇಳಿದ. ಮಾರಾಟ ಏರಿತು.

ಸತ್ತವರ ಹೆಸರಿನಲ್ಲಿ ಕಾಗದ

ಇಷ್ಟರವರೆಗೆ ಓದಿದರೆ ಇದು ಸತ್ಯವಂತರ ಕಸುಬು ಎಂದು ನಿಮಗೆ ಅನ್ನಿಸಬಹುದು. ಹಾಗಿರಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಪತ್ರಿಕೆಗಳ ತುಂಬ ಇದ್ದದ್ದು ಬಾಟಲಿ ಔಷಧಿಗಳ ಜಾಹೀರಾತು. ಒಂದೇ ಬಾಟಲಿ, ಹತ್ತು ಕಾಯಿಲೆಗೆ ಮದ್ದು. ಕೂಲಿಗೆ ಬರೆಯುವವರಿಗೆ ಹೆಚ್ಚು ಕೆಲಸ ಕೊಟ್ಟವರಲ್ಲಿ ಇವರೂ ಸೇರಿದ್ದರು.

ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನಲ್ಲಿ ಲಿಡಿಯಾ ಪಿಂಕಮ್ ಎಂಬ ಹೆಂಗಸು 1875ರಿಂದ ಹೆಂಗಸರ ತೊಂದರೆಗಳಿಗೆಂದು ಗಿಡಮೂಲಿಕೆಯ ಔಷಧಿ ಮಾರುತ್ತಿದ್ದಳು. ಅದರಲ್ಲಿ ಐದರಲ್ಲೊಂದು ಪಾಲಿನಷ್ಟು ಮದ್ಯಸಾರ ಇತ್ತು. ಜಾಹೀರಾತಿನಲ್ಲಿ ಅವಳ ಅಜ್ಜಿಯಂಥ ಸೌಮ್ಯ ಮುಖ ಹಾಕುತ್ತಿದ್ದರು. ಗಂಡಸು ಡಾಕ್ಟರಿಗೆ ಹೇಳಲು ನಾಚಿಕೆಯಾದರೆ ನನಗೆ ಕಾಗದ ಬರೆಯಿರಿ ಎಂಬುದು ಅದರ ಮಾತು. ಸಾವಿರಾರು ಹೆಂಗಸರು ಬರೆದರು. ಯಾರಿಗೂ ಹೇಳದ ನೋವನ್ನು ಆ ಕಾಗದಗಳಲ್ಲಿ ಹೇಳಿಕೊಂಡರು. ಎಲ್ಲಕ್ಕೂ ಉತ್ತರ ಬರುತ್ತಿತ್ತು.

ಲಿಡಿಯಾ ಪಿಂಕಮ್ 1883ರಲ್ಲಿ ತೀರಿಕೊಂಡಳು. ಉತ್ತರಗಳು ಮಾತ್ರ ನಿಲ್ಲಲಿಲ್ಲ. ಶ್ರೀಮತಿ ಪಿಂಕಮ್‌ಗೆ ಬರೆಯಿರಿ ಎಂಬ ಜಾಹೀರಾತು ಇಪ್ಪತ್ತು ವರ್ಷ ದಾಟಿ ನಡೆಯಿತು. ಕಚೇರಿಯಲ್ಲಿ ಕುಳಿತ ಸಂಬಳದವರು ಉತ್ತರ ಬರೆಯುತ್ತಿದ್ದರು. 1905ರಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆಯ ಸಂಪಾದಕ ಎಡ್ವರ್ಡ್ ಬಾಕ್ ಒಂದು ಕೆಲಸ ಮಾಡಿದ. ಶ್ರೀಮತಿ ಪಿಂಕಮ್ ನಿಮಗೆ ಸಲಹೆ ಕೊಡುತ್ತಾಳೆ ಎಂಬ ಜಾಹೀರಾತಿನ ಜೊತೆಗೆ ಅವಳ ಸಮಾಧಿಯ ಕಲ್ಲಿನ ಫೋಟೋ ಅಚ್ಚು ಹಾಕಿದ. ಅದೇ ವರ್ಷ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತ ಇಂಥ ಔಷಧಿಗಳ ಮೋಸವನ್ನು ಸಾಲಾಗಿ ಬಯಲಿಗೆಳೆದ. 1906ರಲ್ಲಿ ಅಮೆರಿಕದ ಸರ್ಕಾರ ಆಹಾರ ಮತ್ತು ಔಷಧಿಗಳ ಶುದ್ಧತೆಯ ಕಾನೂನು ತಂದಿತು. ಮದ್ಯಸಾರ, ಅಫೀಮು ಇದ್ದರೆ ಚೀಟಿಯ ಮೇಲೆ ಹೇಳಲೇಬೇಕಾಯಿತು. ಆದರೆ ಆ ಕಾನೂನು ಹಿಡಿದದ್ದು ಬಾಟಲಿಯ ಚೀಟಿಯನ್ನು. ಪತ್ರಿಕೆಯ ಜಾಹೀರಾತು ಅದರ ಕೈಗೆ ಸಿಗಲಿಲ್ಲ.

ಕ್ಲಾಡ್ ಹಾಪ್ಕಿನ್ಸ್ ಕೂಡ ಕೆಲವು ವರ್ಷ ಇಂಥ ಔಷಧಿ ಕಂಪನಿಗೆ ಬರೆದಿದ್ದ. ವಯಸ್ಸಾದಮೇಲೆ, 1927ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಆ ಕೆಲಸವನ್ನು ಮತ್ತೆ ಮಾಡಲಾರೆ ಎಂಬ ಮಾತು ಬಂದಿದೆ.

ಇಲ್ಲಿ ನಮ್ಮದೇ ಒಂದು ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮಲ್ಲೊಬ್ಬಳಿಗೆ ಬೆಳೆಗೆ ಹೊಡೆಯುವ ಟಾನಿಕ್ ಮಾರುವ ಒಂದು ಕಂಪನಿಯಿಂದ ಕೆಲಸ ಸಿಕ್ಕಿತ್ತು. ಹತ್ತು ಬರಹ, ಒಂದೊಂದಕ್ಕೆ 400 ರೂಪಾಯಿ. ಪಟ್ಟಿಯಲ್ಲಿ "ರೈತರ ಅನುಭವ" ಎಂಬುದೂ ಇತ್ತು. ಯಾವ ರೈತರನ್ನು ಮಾತಾಡಿಸಬೇಕು, ನಂಬರ್ ಕೊಡಿ ಎಂದು ಕೇಳಿದಳು. "ಮಾತಾಡಿಸೋದೇನೂ ಬೇಡ, ಒಂದು ಹೆಸರು, ಒಂದು ಊರು ಹಾಕಿ ಬರೀರಿ" ಎಂದರು. ಅವಳು ಬರೆದಳು. ಎಕರೆಗೆ ಇಷ್ಟು ಇಳುವರಿ ಹೆಚ್ಚಾಯಿತು, ಹೆಂಡತಿ ಮಕ್ಕಳು ಖುಷಿಯಾದರು ಎಂದೆಲ್ಲ. ಓದಿದರೆ ನಿಜ ಅನ್ನಿಸುವ ಹಾಗಿತ್ತು. ಅವಳು ರೈತರ ಮನೆಯ ಮಗಳು, ಮಾತಿನ ವರಸೆ ಗೊತ್ತಿತ್ತು.

ನಾಲ್ಕು ತಿಂಗಳಾದಮೇಲೆ ಅವಳ ಸೋದರಮಾವ ವಾಟ್ಸಾಪಿನಲ್ಲಿ ಅದೇ ಬರಹ ಕಳಿಸಿ, "ನೀನು ಓದಿದೋಳು, ನೋಡವ್ವಾ, ಇದನ್ನ ತರಿಸ್ಲಾ?" ಎಂದು ಕೇಳಿದರು. ಅದು ತಾನೇ ಬರೆದದ್ದು ಎಂದು ಹೇಳಲು ಅವಳಿಗೆ ಎರಡು ದಿನ ಹಿಡಿಯಿತು. ಮಾವ ಬೈಯಲಿಲ್ಲ. "ಹಂಗಾದ್ರೆ ಆ ರೈತ ಇಲ್ವಾ?" ಎಂದಷ್ಟೇ ಕೇಳಿದರು. ಬೇರೆ ಎಷ್ಟು ಜನ ಅದನ್ನು ಓದಿ ಸಾಲ ಮಾಡಿ ಟಾನಿಕ್ ತಂದರೋ ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಆ ಬರಹದ ಕೆಳಗೆ ಅವಳ ಹೆಸರೂ ಇಲ್ಲ, ಬಿಕ್ಕಲಂ ಇಲ್ಲ.

ಕಂಪನಿಯನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬರೆದ ಕೈ ನಮ್ಮದು. ಹೆಸರು ಹಾಕದಿದ್ದರೆ ಹೊಣೆಯೂ ಇಲ್ಲ ಎಂದುಕೊಳ್ಳುವುದು ಸುಲಭ. ಪಿಂಕಮ್ ಕಚೇರಿಯಲ್ಲಿ ಉತ್ತರ ಬರೆಯುತ್ತಿದ್ದವರೂ ಹಾಗೇ ಅಂದುಕೊಂಡಿದ್ದರೇನೋ.

ನೇಗಿಲ ಸಾಲು

ಈ ಚರಿತ್ರೆಯಲ್ಲಿ ಹಳ್ಳಿಯವರಿಗೆ ಹತ್ತಿರವಾದ ಒಂದು ಅಧ್ಯಾಯ ಇದೆ. ಹಸಿರು ಮೈ, ಹಳದಿ ಚಕ್ರದ ಜಾನ್ ಡೀರ್ ಟ್ರ್ಯಾಕ್ಟರ್ ನಮ್ಮ ಊರುಗಳಲ್ಲೂ ಓಡಾಡುತ್ತಿದೆ. ಕಂಪನಿಯ ಹೆಸರಿನ ಜಾನ್ ಡೀರ್ ಒಬ್ಬ ಕಮ್ಮಾರ. 1837ರಲ್ಲಿ ಇಲಿನಾಯ್ ರಾಜ್ಯದಲ್ಲಿ, ಅಂಟು ಮಣ್ಣು ಮೆತ್ತಿಕೊಳ್ಳದ ಉಕ್ಕಿನ ನೇಗಿಲು ಮಾಡಿದ. ಅವನು ತೀರಿಕೊಂಡ ಒಂಬತ್ತು ವರ್ಷಕ್ಕೆ, 1895ರಲ್ಲಿ, ಕಂಪನಿ ರೈತರಿಗಾಗಿ ಒಂದು ಪತ್ರಿಕೆ ತಂದಿತು. ಅದರ ಹೆಸರು ದಿ ಫರೋ, ಎಂದರೆ ನೇಗಿಲ ಸಾಲು.

ಅದರಲ್ಲಿ ಕಂಪನಿಯ ನೇಗಿಲಿನ ಜಾಹೀರಾತು ಇತ್ತು. ಆದರೆ ಜೊತೆಗೆ ಬೇಸಾಯದ ವಿಷಯವೂ ಇತ್ತು. ವರ್ಷ ಕಳೆದಂತೆ ಜಾಹೀರಾತಿನ ಮಾತು ಕಡಿಮೆಯಾಗಿ ಮಣ್ಣು, ಬೆಳೆ, ರೈತರ ಬದುಕಿನ ಬರಹಗಳೇ ಹೆಚ್ಚಾದವು. 1912ರ ಹೊತ್ತಿಗೆ ಅದು 40 ಲಕ್ಷ ಓದುಗರನ್ನು ತಲುಪುತ್ತಿತ್ತು ಎನ್ನುತ್ತಾರೆ. ಅದು ಇವತ್ತಿಗೂ ಬರುತ್ತಿದೆ.

ಈಗ ಕಂಟೆಂಟ್ ಮಾರ್ಕೆಟಿಂಗ್ ಎನ್ನುವುದಕ್ಕೆ ಹಳೆಯ ಉದಾಹರಣೆ ಕೇಳಿದರೆ ಎಲ್ಲರೂ ತೋರಿಸುವುದು ಇದನ್ನೇ. ಯುಕ್ತಿ ದೊಡ್ಡದೇನಲ್ಲ. ಕೊಳ್ಳಿ ಕೊಳ್ಳಿ ಎನ್ನುವ ಬದಲು ಓದುವವನಿಗೆ ಉಪಯೋಗವಾಗುವುದನ್ನು ಕೊಡುವುದು. ಇವತ್ತು ಅವನು ನೇಗಿಲು ಕೊಳ್ಳದಿರಬಹುದು. ಕೊಳ್ಳುವ ದಿನ ಬಂದಾಗ ತನಗೆ ನಾಲ್ಕು ಒಳ್ಳೆಯ ಮಾತು ಹೇಳಿದವರು ನೆನಪಾಗುತ್ತಾರೆ. ಫ್ರಾನ್ಸಿನಲ್ಲಿ ಟಯರ್ ಮಾಡುವ ಮಿಷೆಲಿನ್ ಕಂಪನಿ 1900ರಲ್ಲಿ ಮಾಡಿದ್ದೂ ಇದೇ. ಆಗ ಆ ದೇಶದಲ್ಲಿ ಕಾರುಗಳೇ ಕೆಲವು ಸಾವಿರ. ಎಲ್ಲಿ ರಿಪೇರಿ, ಎಲ್ಲಿ ಪೆಟ್ರೋಲ್, ಎಲ್ಲಿ ಊಟ ಎಂದು ತಿಳಿಸುವ ಸಣ್ಣ ಪುಸ್ತಕವನ್ನು ಪುಕ್ಕಟೆ ಹಂಚಿದರು. ಜನ ಹೆಚ್ಚು ಓಡಾಡಿದರೆ ಟಯರ್ ಸವೆಯುತ್ತದೆ ತಾನೆ.

ಇಲ್ಲಿ ಸ್ವಾರ್ಥ ಇಲ್ಲ ಎಂದಲ್ಲ. ಇದೆ. ಆದರೆ ಅದು ಓದುವವನ ಕಣ್ಣಿಗೆ ಕಾಣುವಂತೆ ಇದೆ. ಪತ್ರಿಕೆಯ ಮೇಲೆ ಕಂಪನಿಯ ಹೆಸರೇ ಇರುತ್ತದೆ. ಇದು ಯಾರು ಬರೆಸಿದ್ದು ಎಂದು ಮುಚ್ಚಿಟ್ಟಿಲ್ಲ.

ಅಕ್ಕಂದಿರ ಮೂರನೇ ಪ್ರಶ್ನೆಗೆ

ಈ ವಾರ ಹುರಿಹಿಟ್ಟಿನ ಅಕ್ಕಂದಿರನ್ನು ಮತ್ತೆ ಭೇಟಿಯಾದೆವು. ನಾವು ಹೇಳಿದ್ದನ್ನು ಬೇರೆ ಸಂಘಗಳಿಗೂ, ರೈತ ಉತ್ಪಾದಕ ಕಂಪನಿಗಳಿಗೂ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇವೆ.

ಬರೆಯುವವರನ್ನು ಗೊತ್ತು ಮಾಡುವ ಮೊದಲು ಅವರನ್ನು ಒಂದು ದಿನ ನಿಮ್ಮಲ್ಲಿಗೆ ಕರೆಸಿ. ರಾಗಿ ನೆನೆಸುವುದರಿಂದ ಹಿಡಿದು ಹುರಿಯುವುದು, ಬೀಸಿಸುವುದು, ಜರಡಿ ಹಿಡಿಯುವುದು, ಪ್ಯಾಕ್ ಮಾಡುವುದು ಎಲ್ಲ ತೋರಿಸಿ. ಬಂದು ನೋಡಲು ಒಪ್ಪದವರು ನಾಲ್ಕು ಕಡೆ ಓದಿ ಐದನೇ ಕಡೆ ಬರೆಯುತ್ತಾರೆ. ನಿಮಗೆ ಏನೂ ವಿಶೇಷ ಅನ್ನಿಸದ ಕೆಲಸವೇ ಪಟ್ಟಣದ ಗಿರಾಕಿಗೆ ಹೊಸದು.

ಕೇಳಿದಾಗ ಆ ಅಕ್ಕಂದಿರಲ್ಲಿ ಒಬ್ಬರು, ಹುರಿಯುವಾಗ ರಾಗಿ ಅರಳುವ ಸದ್ದು ಕೇಳಿಯೇ ಉರಿ ಕಡಿಮೆ ಮಾಡುತ್ತೇವೆ ಎಂದರು. ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. "ಅದೇನು ಹೇಳೋ ವಿಷಯಾನಾ?" ಎಂದು ನಕ್ಕರು. ಬಿಯರ್ ಕಾರ್ಖಾನೆಯವರು ಹಾಪ್ಕಿನ್ಸ್‌ಗೆ ಹೇಳಿದ್ದೂ ಇದೇ ಮಾತು.

ಬರಹಕ್ಕೆ ಎಷ್ಟು ಎಂದು ಮೊದಲೇ ಮಾತಾಡಿ. ಎಷ್ಟು ಸಲ ತಿದ್ದಿ ಕೊಡಬೇಕು, ದುಡ್ಡು ಯಾವತ್ತು ಕೊಡುತ್ತೀರಿ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿ. ಇದರಲ್ಲಿ ಒಂದು ಕಾನೂನಿನ ವಿಷಯವೂ ಇದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ, ಸಂಬಳದ ನೌಕರನಲ್ಲದವನು ಬರೆದುಕೊಟ್ಟ ಬರಹದ ಹಕ್ಕು ಮೊದಲಿಗೆ ಬರೆದವನದೇ. ಅದು ನಿಮ್ಮದಾಗಬೇಕಾದರೆ ಹಾಗೆಂದು ಬರಹದಲ್ಲಿ ಒಪ್ಪಂದ ಆಗಬೇಕು. ಬಾಯಿಮಾತು ನಡೆಯುವುದಿಲ್ಲ. ಹಕ್ಕು ಎಷ್ಟು ಕಾಲಕ್ಕೆ ಎಂದೂ ಬರೆಯಿರಿ. ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಲೆಕ್ಕ ಹಾಕುತ್ತದೆ.

ಕೊನೆಯದಾಗಿ, ಸುಳ್ಳು. ಅಕ್ಕಂದಿರ ಸೈಟಿಗೆ ಒಬ್ಬರು ಮಾದರಿ ಬರಹ ಕಳಿಸಿದ್ದರು. ಅದರ ತಲೆಬರಹ, "ಸಕ್ಕರೆ ಕಾಯಿಲೆ ಓಡಿಸುವ ರಾಗಿ ಹುರಿಹಿಟ್ಟು". ಓದಿದರೆ ಯಾರಿಗಾದರೂ ಕೊಳ್ಳಬೇಕು ಅನ್ನಿಸುತ್ತದೆ. ಹಾಕಬೇಡಿ ಎಂದೆವು. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು ತಡೆಯಲು 1954ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಕಾನೂನು ಹಾಗಿರಲಿ, ಅದನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟರೆ?

"ಹಂಗಾದ್ರೆ ಏನು ಬರೆಸೋದು?" ಎಂದು ಕೇಳಿದರು.

ಹುರಿಯುವ ಸದ್ದಿನ ಬಗ್ಗೆ ಬರೆಸಿ ಎಂದೆವು. ಮಜ್ಜಿಗೆಯಲ್ಲಿ ಹೇಗೆ ಕಲಸಬೇಕು, ಬೆಲ್ಲ ಹಾಕಿ ಮಕ್ಕಳಿಗೆ ಹೇಗೆ ಕೊಡಬೇಕು, ಎಷ್ಟು ದಿನ ಕೆಡದೆ ಇರುತ್ತದೆ, ಮಳೆಗಾಲದಲ್ಲಿ ಯಾಕೆ ಬೇಗ ಮುಗ್ಗಲು ಬರುತ್ತದೆ, ಇವನ್ನೆಲ್ಲ ಬರೆಸಿ. ಹಾಳಾದದ್ದು ಬಂದರೆ ಬದಲಾಯಿಸಿ ಕೊಡುತ್ತೀರಾದರೆ ಅದನ್ನೂ ಬರೆಸಿ. ಕೊಡುವುದಿಲ್ಲವಾದರೆ ಬರೆಸಬೇಡಿ.

ನೀವು ಹೇಳಿದ್ದನ್ನು ಬರೆಯುತ್ತಾರೋ, ಅವರಿಗೆ ತೋಚಿದ್ದನ್ನು ಬರೆಯುತ್ತಾರೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ದುಡ್ಡು ನೀವು ಕೊಡುತ್ತೀರಿ, ವಿಷಯ ನಿಮ್ಮದು. ಆದರೆ ಅದನ್ನು ನಂಬಿ ಕೈಯಿಂದ ದುಡ್ಡು ಬಿಚ್ಚುವುದು ಓದುವವನು. ಅವನ ಮುಂದೆ ನಿಂತು ಗಟ್ಟಿಯಾಗಿ ಓದಿ ಹೇಳಲು ನಿಮಗೂ ಮುಜುಗರ ಆಗಬಾರದು, ಬರೆದವರಿಗೂ ಆಗಬಾರದು. ಅಂಥದ್ದನ್ನು ಬರೆಯುವವರು ಸಿಕ್ಕರೆ ಕೇಳಿದ ಕೂಲಿ ಕೊಡಿ.

ನಾವೂ ನಮ್ಮೊಳಗೆ ಒಂದು ನಿಯಮ ಮಾಡಿಕೊಂಡಿದ್ದೇವೆ. ಕೂಲಿಗೆ ಬರೆದ ಯಾವ ಬರಹದಲ್ಲೂ ಇಲ್ಲದ ಮನುಷ್ಯನನ್ನು ತರುವುದಿಲ್ಲ. ಬರೆದದ್ದರ ಒಂದು ಪ್ರತಿಯನ್ನು ಯಾರು ಬರೆದರು, ಯಾರು ಬರೆಸಿದರು, ಯಾವ ದಿನ ಎಂದು ಗುರುತು ಹಾಕಿ ನಮ್ಮ ಕಡತದಲ್ಲಿ ಇಡುತ್ತೇವೆ. ಓದುಗರಿಗೆ ಆ ಹೆಸರು ಕಾಣದಿದ್ದರೂ ನಾಳೆ ಯಾರಾದರೂ ಬಂದು ಕೇಳಿದರೆ ಹೌದು, ಇದನ್ನು ಬರೆದದ್ದು ನಾವೇ ಎನ್ನಬೇಕು. ಆ ಕಡತದ ಮೊದಲ ಹಾಳೆ ಟಾನಿಕ್‌ನ ಬರಹವೇ. ಅದನ್ನು ಅವಳೇ ತಂದು ಇಟ್ಟಳು.